ಬಿಂಬು ಯಾರು ಅಂತ ಅಮ್ಮನಿಗೆ ಹೇಳಿದ್ದು

ನನ್ನ ದಿಂಬಿನ ಕವರಿನೊಳಗೆ, ಗೋಡೆ ಕಡೆಯ ಮೂಲೆಯಲ್ಲಿ, ಇನ್ನೊಂದು ಪುಟ್ಟ ದಿಂಬಿದೆ. ಉದ್ದ ಒಂದು ಗೇಣು, ಅಗಲ ಅಂಗೈಗಿಂತ ತುಸು ಹೆಚ್ಚು. ಒಂದು ಕಾಲಕ್ಕೆ ತಿಳಿಹಳದಿ ಇತ್ತಂತೆ, ಈಗ ಅದಕ್ಕೆ ಯಾವ ಬಣ್ಣದ ಹೆಸರೂ ಒಪ್ಪುವುದಿಲ್ಲ. ಒಳಗಿನ ಹತ್ತಿ ಗಂಟುಗಟ್ಟಿ ಎರಡೂ ತುದಿಗೆ ಸರಿದಿದೆ, ನಡುವೆ ಬರೀ ಬಟ್ಟೆ. ಒಂದು ಬದಿಯ ಹೊಲಿಗೆ ಮೂರು ಸಲ ಬಿಚ್ಚಿಕೊಂಡಿದೆ. ಬಿಳಿ ದಾರದ ಸಣ್ಣ ಸಣ್ಣ ಹೊಲಿಗೆ ಅಮ್ಮನದು. ನೀಲಿಯ ಅಂಕುಡೊಂಕು ಗೆರೆ ನಾನು ಹತ್ತು ವರ್ಷದವನಿದ್ದಾಗ ಹಾಕಿದ್ದು. ಕಪ್ಪು ದಾರದ್ದು ಕೆಲಸಕ್ಕೆ ಸೇರಿದ ಮೇಲೆ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ತೀರಾ ತೆಳುವಾಗಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಿಕ್ಕಿ ಸವೆದು ಸವೆದು, ಬೆಳಕಿಗೆ ಹಿಡಿದರೆ ಆಚೆ ಇಟ್ಟ ಬೆರಳಿನ ಆಕಾರ ಕಾಣುತ್ತದೆ.

ಅದರ ಹೆಸರು ಬಿಂಬು. ‘ದಿಂಬು’ ಅನ್ನಲು ನಾಲಿಗೆ ಹೊರಳದಿದ್ದಾಗ ಇಟ್ಟ ಹೆಸರು. ನನಗೀಗ 32 ವರ್ಷ.

ರಾತ್ರಿ ದೀಪ ಆರಿಸಿದ ಮೇಲೆ ಕವರಿನೊಳಗೆ ಕೈ ಹಾಕಿ ಆ ತೆಳುವಾದ ಮೂಲೆಯನ್ನು ಹುಡುಕುತ್ತೇನೆ. ಸಿಕ್ಕ ಕೂಡಲೇ ಭುಜ ಸಡಿಲವಾಗುತ್ತದೆ. ಹತ್ತು ನಿಮಿಷ, ಕೆಲವೊಮ್ಮೆ ಅಷ್ಟೂ ಇಲ್ಲ. ನನ್ನ ಬದುಕಿನಲ್ಲಿ ಅದರ ಪಾಲು ಇಷ್ಟೇ. ಈ ಇಷ್ಟನ್ನು ಅಮ್ಮನಿಗೆ ಹೇಳಲು ನನಗೆ ಮೂರು ಪ್ರಯತ್ನ ಬೇಕಾಯಿತು.

ಹೆತ್ತವರ ಜೊತೆ ಒಂದೇ ಮನೆಯಲ್ಲಿರುವ ದೊಡ್ಡ ಮಕ್ಕಳಿಗೆ ಇದು ಗೊತ್ತಿರುತ್ತದೆ. ರೂಮು ನಮ್ಮದು, ಬಾಗಿಲು ಎಲ್ಲರದು. ಯಾರೂ ಕದ್ದು ನೋಡುವುದಿಲ್ಲ, ಹುಡುಕುವುದಿಲ್ಲ. ಆದರೆ ಗುಡಿಸುತ್ತಾರೆ, ಒರೆಸುತ್ತಾರೆ, ಒಗೆಯಲು ಬಟ್ಟೆ ತೆಗೆಯುತ್ತಾರೆ. ನಮ್ಮ ಬಚ್ಚಿಟ್ಟ ವಸ್ತು ಸಿಗುವುದು ಅನುಮಾನಪಟ್ಟವರ ಕೈಗಲ್ಲ, ಕಾಳಜಿ ಮಾಡುವವರ ಕೈಗೆ. ಅದಕ್ಕೇ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ. ಒಂಟಿಯಾಗಿ ಬೇರೆ ಮನೆ ಮಾಡಿಕೊಂಡಿರುವವರಿಗೆ ಇಂಥ ವಿವರಣೆ ಕೊಡುವ ಸಂದರ್ಭವೇ ಬರುವುದಿಲ್ಲ.

ನನ್ನ ಹಾಸಿಗೆಯ ಬೆಡ್‌ಶೀಟು, ಕವರುಗಳನ್ನು ನಾನೇ ತೆಗೆದು ಒಗೆಯಲು ಹಾಕುವುದು ವರ್ಷಗಳ ರೂಢಿಯಾಗಿತ್ತು. ಅವತ್ತು ನಾನು ಬೆಳಗ್ಗೆ ಬೇಗ ಹೊರಗೆ ಹೋಗಿದ್ದೆ. ಬಿಸಿಲು ಚೆನ್ನಾಗಿದೆ ಅಂತ ಅಮ್ಮ ಮನೆಯ ಎಲ್ಲ ಹಾಸಿಗೆಗಳ ಬಟ್ಟೆ ಕಿತ್ತಿದ್ದಳು. ಸಂಜೆ ಬಂದು ನೋಡಿದರೆ ಬಿಂಬು ನನ್ನ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕ ಕೂತಿತ್ತು. ಹಗಲಿನ ಬೆಳಕಿನಲ್ಲಿ, ತೆರೆದ ಜಾಗದಲ್ಲಿ ನಾನು ಅದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ತುಂಬಾ ಚಿಕ್ಕದಾಗಿ ಕಂಡಿತು.

ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿದಳು, “ಇದಿನ್ನೂ ಇಟ್ಕೊಂಡಿದ್ದೀಯೇನೋ?”

ಗದರಿಕೆಯಿಲ್ಲ, ನಗುವಿಲ್ಲ, ಬರೀ ಆಶ್ಚರ್ಯ. ಅಷ್ಟಿದ್ದರೂ ನನ್ನ ಬಾಯಿಂದ ಬಂದದ್ದು ಸುಳ್ಳು. “ಯಾವುದೋ ಹಳೇದು. ಅಲ್ಲೇ ಎಲ್ಲೋ ಬಿದ್ದಿತ್ತು” ಅಂದೆ.

“ಹಂಗಾದ್ರೆ ಕೊಡು, ಒರೆಸೋ ಬಟ್ಟೆಗಾದ್ರೂ ಆಗುತ್ತೆ” ಅಂತ ಕೈ ಚಾಚಿದಳು.

“ಬೇಡ.”

ಆ ‘ಬೇಡ’ ನನ್ನ ಗಂಟಲಿಂದ ಬಂದ ರೀತಿ ನನಗೇ ಗಾಬರಿ ಹುಟ್ಟಿಸಿತು. ಜೋರಾಗಿತ್ತು, ಒಡೆದಿತ್ತು. ಅಮ್ಮನ ಕೈ ಅರ್ಧಕ್ಕೆ ನಿಂತಿತು. ಅವಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಬಿಂಬುವನ್ನು ನೋಡಿದಳು, “ಸರಿ” ಅಂದು ಹೋದಳು. ಏನೂ ಹೇಳದೆಯೇ ಎಲ್ಲ ಹೇಳಿಯಾಗಿತ್ತು. ಈ ಇಡೀ ಪ್ರಸಂಗದಲ್ಲಿ ನನಗೆ ಇವತ್ತಿಗೂ ನೋಯುವುದು ಆ ಸುಳ್ಳು. ಮೂವತ್ತು ವರ್ಷ ನನ್ನ ಜೊತೆಗಿದ್ದದ್ದನ್ನು ಒಂದು ಗಳಿಗೆಯಲ್ಲಿ ‘ಯಾವುದೋ’ ಮಾಡಿಬಿಟ್ಟೆ.

ಎರಡನೆಯ ಪ್ರಯತ್ನ ಮರುದಿನ. ರಾತ್ರಿಯೆಲ್ಲ ಓದಿಕೊಂಡು ತಯಾರಾಗಿದ್ದೆ. ವಿಜ್ಞಾನ ನನ್ನ ಕಡೆಗಿದೆ, ಅದನ್ನು ಮುಂದಿಟ್ಟರೆ ಅಮ್ಮ ಒಪ್ಪುತ್ತಾಳೆ ಅನ್ನುವುದು ನನ್ನ ಲೆಕ್ಕ. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದವರೊಬ್ಬರಿದ್ದರು, ಮಕ್ಕಳು ಹಿಡಿದುಕೊಂಡು ಬಿಡದ ಹೊದಿಕೆಯ ತುಂಡು, ಗೊಂಬೆ, ಬಟ್ಟೆ ಇವುಗಳ ಬಗ್ಗೆ 1953ರಲ್ಲೇ ಅವರ ಲೇಖನ ಪ್ರಕಟವಾಗಿದೆ, ತಾಯಿಯಿಂದ ಹೊರಗಿನ ಜಗತ್ತಿಗೆ ದಾಟುವ ದಾರಿಯಲ್ಲಿ ಮಗುವಿನ ಕೈಗೆ ಸಿಗುವ ವಸ್ತು ಅದು ಅಂತ ಅವರು ಹೇಳುತ್ತಾರೆ, ಅದು ರೋಗವಲ್ಲ ಅಂತೆಲ್ಲ ಶುರು ಮಾಡಿದೆ. ಅಮ್ಮ ಗಮನವಿಟ್ಟು ಕೇಳಿದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಹುಮ್ಮಸ್ಸಿನಲ್ಲಿ ಹಾರ್ಲೋ ಅವರ ಕೋತಿಮರಿಗಳ ಕಥೆಗೆ ಕೈ ಹಾಕಿದೆ.

ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ 1958ರಲ್ಲಿ ಬರೆದ ಪ್ರಯೋಗ ಅದು. ರೀಸಸ್ ಕೋತಿಯ ಮರಿಗಳನ್ನು ಹುಟ್ಟಿದ ಸ್ವಲ್ಪ ಹೊತ್ತಿಗೇ ತಾಯಿಯಿಂದ ಬೇರೆ ಮಾಡಿ ಎರಡು ಬದಲಿ ತಾಯಂದಿರನ್ನು ಕೊಟ್ಟರು. ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿ ಇದ್ದರೂ ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿರುತ್ತಿದ್ದವು. ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡಿರುತ್ತಿದ್ದವು. ಮೆತ್ತನೆಯ ಸ್ಪರ್ಶ ಹೊಟ್ಟೆಯ ಹಸಿವಿನಷ್ಟೇ ನಿಜವಾದ ಅಗತ್ಯ ಅಂತ ತೋರಿಸಲು ನಾನು ಇದನ್ನು ಹೇಳಿದ್ದು.

ಅಮ್ಮನಿಗೆ ಕೇಳಿಸಿದ್ದು ಬೇರೆ. “ಆ ಮರಿಗಳಿಗೆ ಅಮ್ಮ ಇರಲಿಲ್ಲ, ಅದಕ್ಕೆ ಬಟ್ಟೆ ಹಿಡ್ಕೊಂಡ್ವು” ಅಂದಳು. ಸ್ವಲ್ಪ ತಡೆದು, “ನಾನು ಆಸ್ಪತ್ರೆಯಲ್ಲಿದ್ದೆನಲ್ಲ ಆವಾಗ. ನಿಂಗೆ ಒಂದೂವರೆ ವರ್ಷ. ಮೂರು ವಾರ” ಅಂದಳು.

ಅದು ನನಗೆ ಗೊತ್ತಿದ್ದ ವಿಷಯವೇ, ಮನೆಯ ಹಳೆಯ ಮಾತುಗಳಲ್ಲಿ ಬಂದು ಹೋಗುವಂಥದ್ದು. ಆದರೆ ಬಿಂಬು ಆ ಮೂರು ವಾರಕ್ಕಾಗಿ ಹೊಲಿದದ್ದು, ಹೊರಡುವ ಹಿಂದಿನ ರಾತ್ರಿ ಅಮ್ಮ ತನ್ನದೇ ಹಳೆಯ ಬಟ್ಟೆ ಕತ್ತರಿಸಿ ಹತ್ತಿ ತುಂಬಿದ್ದು ಅಂತ ನನಗೆ ಗೊತ್ತಾದದ್ದು ಅವತ್ತು. ಅವಳು ವಾಪಸು ಬಂದಾಗ ನಾನು ಮೊದಲು ಅವಳ ಹತ್ತಿರ ಹೋಗಲಿಲ್ಲವಂತೆ. ದಿಂಬನ್ನು ಅವಚಿಕೊಂಡು ದೂರದಿಂದ ನೋಡುತ್ತಿದ್ದೆನಂತೆ. ಅದನ್ನು ಹೇಳುವಾಗ ಅಮ್ಮ ನನ್ನ ಕಡೆ ನೋಡಲಿಲ್ಲ.

ನನ್ನ ಇಡೀ ವಾದ ಅಲ್ಲೇ ಕುಸಿಯಿತು. ನಾನು ನಾಚಿಕೆಗೆ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ. ‘ಇಷ್ಟು ದೊಡ್ಡವನಾಗಿ ಇದೇನು’ ಅನ್ನುವ ಪ್ರಶ್ನೆಗೆ, ‘ನೋಡಿದವರು ಏನಂದುಕೊಳ್ಳುತ್ತಾರೆ’ ಅನ್ನುವ ಪ್ರಶ್ನೆಗೆ ಉತ್ತರ. ಅಮ್ಮನ ಒಳಗಿದ್ದ ಪ್ರಶ್ನೆ ಅದಾಗಿರಲೇ ಇಲ್ಲ. ಅವಳ ಕಣ್ಣಿಗೆ ಬಿಂಬು ಅಂದರೆ ತಾನು ಇಲ್ಲದೇ ಹೋದ ಮೂರು ವಾರಗಳ ಲೆಕ್ಕ. ಮೂವತ್ತು ವರ್ಷವಾದರೂ ಮಗ ಆ ಲೆಕ್ಕವನ್ನು ದಿಂಬಿನೊಳಗೆ ಇಟ್ಟುಕೊಂಡಿದ್ದಾನೆ, ಇನ್ನೂ ತೀರಿಲ್ಲ ಅಂತ ಅವಳು ಓದಿಕೊಂಡಿದ್ದಳು. ನಾನು ಹೇಳಿದ ಒಂದೊಂದು ಪ್ರಯೋಗವೂ ಆ ಲೆಕ್ಕಕ್ಕೆ ಸಾಕ್ಷಿಯಾಗಿ ನಿಂತಿತ್ತು.

ಆ ಮೇಲೆ ಎರಡು ದಿನ ಮನೆಯಲ್ಲಿ ಮಾತೆಲ್ಲ ಕೆಲಸಕ್ಕೆ ಬೇಕಾದಷ್ಟೇ. ಮೂರನೆಯ ದಿನ ಅಮ್ಮ ಬಂದು, “ಅದೇ ಅಳತೆಗೆ ಹೊಸದು ಹೊಲಿದು ಕೊಡ್ತೀನಿ. ಅದೇ ಥರ ಬಟ್ಟೆ ಹುಡುಕ್ತೀನಿ. ಅದು ಪೂರ್ತಿ ಹಾಳಾಗಿದೆಯಲ್ಲೋ” ಅಂದಳು. ತೀರಾ ಪ್ರೀತಿಯಿಂದ ಹೇಳಿದ್ದು. ಬೇಡ ಅನ್ನಲು ನನ್ನ ಹತ್ತಿರ ಮಾತಿರಲಿಲ್ಲ. ಹೂಂ ಅನ್ನಲೂ ಆಗಲಿಲ್ಲ.

ಯಾಕೆ ಆಗಲಿಲ್ಲ ಅಂತ ಆಮೇಲೆ ಯೋಚಿಸಿದೆ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಿಕ್ಕ ಮಕ್ಕಳ ಮುಂದೆ ಒಂದು ಪೆಟ್ಟಿಗೆ ಇಟ್ಟು, ಇದರಲ್ಲಿ ಯಾವ ವಸ್ತುವನ್ನು ಇಟ್ಟರೂ ಅದರಂತೆಯೇ ಇನ್ನೊಂದು ಬರುತ್ತದೆ ಅಂತ ನಂಬಿಸಿದರು. ಸಾಮಾನ್ಯ ಆಟಿಕೆಯಾದರೆ ಹೆಚ್ಚಿನ ಮಕ್ಕಳು ನಕಲನ್ನೇ ಎತ್ತಿಕೊಂಡರು. ಆದರೆ ರಾತ್ರಿ ಜೊತೆಗಿಟ್ಟುಕೊಂಡು ಮಲಗುವ ತಮ್ಮದೇ ವಸ್ತುವನ್ನು ಪೆಟ್ಟಿಗೆಗೆ ಹಾಕಲು ಕೆಲವು ಮಕ್ಕಳು ಒಪ್ಪಲೇ ಇಲ್ಲ. ಒಪ್ಪಿದವರಲ್ಲೂ ಹೆಚ್ಚಿನವರು ಕೊನೆಗೆ ಕೇಳಿದ್ದು ತಮ್ಮ ಹಳೆಯದನ್ನೇ. ನೋಡಲು ಅದೇ, ಮುಟ್ಟಲು ಅದೇ, ಆದರೂ ‘ಅದು’ ಅಲ್ಲ. ಅಮ್ಮ ಎಷ್ಟೇ ಚೆನ್ನಾಗಿ ಹೊಲಿದರೂ ಹೊಸ ದಿಂಬಿನಲ್ಲಿ ನನ್ನ ಹತ್ತನೇ ವಯಸ್ಸಿನ ನೀಲಿ ದಾರ ಇರುವುದಿಲ್ಲ. ಆ ಮೂಲೆಯ ಸವೆತವಂತೂ ಯಾರೂ ಹೊಲಿದು ಕೊಡಬಹುದಾದ ವಸ್ತುವಲ್ಲ.

ಮೂರನೆಯ ಸಲ ನಾನು ತಯಾರಿ ಮಾಡಿಕೊಳ್ಳಲಿಲ್ಲ. ಒಣಗಿದ ಬಟ್ಟೆಗಳ ರಾಶಿ ಮುಂದೆ ಹಾಕಿಕೊಂಡು ಅಮ್ಮ ಮಡಚುತ್ತಿದ್ದಳು. ನಾನೂ ಪಕ್ಕ ಕೂತು ಮಡಚತೊಡಗಿದೆ. ಎದುರುಬದುರು ಕೂತು ಮುಖ ನೋಡಿಕೊಂಡು ಹೇಳಲಾಗದ್ದನ್ನು ಕೈಗೆ ಕೆಲಸವಿರುವಾಗ ಹೇಳಬಹುದು. ಕಣ್ಣಿಗೆ ನಿಲ್ಲಲು ಒಂದು ಜಾಗ ಬೇಕು, ಬಟ್ಟೆಯ ಅಂಚು ಸಾಕು. ಯಾರಾದರೂ ನನ್ನನ್ನು ಕೇಳಿದರೆ ನಾನು ಕೊಡುವ ಸಲಹೆ ಇದೊಂದೇ.

“ಅಮ್ಮ, ನೀನು ಕಡಿಮೆ ಮಾಡಿದ್ದಕ್ಕೆ ಅದು ಇರೋದಲ್ಲ” ಅಂದೆ. ಇದನ್ನು ಮೊದಲ ದಿನವೇ, ಎಲ್ಲಕ್ಕಿಂತ ಮುಂಚೆ ಹೇಳಬೇಕಿತ್ತು.

ಅವಳು ಅಂಗಿಯೊಂದರ ತೋಳುಗಳನ್ನು ಒಳಗೆ ಮಡಚುತ್ತಾ, “ಮತ್ಯಾಕೆ?” ಅಂದಳು.

ಆಗ ಸುಮ್ಮನೆ ಆದದ್ದನ್ನು ಆದ ಹಾಗೆ ಹೇಳಿದೆ. ಇಡೀ ದಿನ ತಲೆ ಓಡುತ್ತಿರುತ್ತದೆ, ಹಾಸಿಗೆಗೆ ಬಂದರೂ ನಿಲ್ಲುವುದಿಲ್ಲ, ಆ ಮೂಲೆ ಬೆರಳಿಗೆ ಸಿಕ್ಕಿದರೆ ನಿಲ್ಲುತ್ತದೆ ಅಂದೆ. ಮೊದಲ ಕೆಲಸ ಹೋದ ತಿಂಗಳು ನಿಮಗ್ಯಾರಿಗೂ ಹೇಳದೆ ಇದ್ದೆನಲ್ಲ, ಆ ರಾತ್ರಿಗಳಲ್ಲಿ ಅದು ಗೊತ್ತಿದ್ದದ್ದು ಬಿಂಬುವಿಗೆ ಮಾತ್ರ ಅಂದೆ. ಕೆನ್ನೆಗೆ ಒತ್ತಿಕೊಂಡರೆ ಉಸಿರು ನಿಧಾನವಾಗುತ್ತದೆ ಅಂದೆ. ನಮ್ಮ ಚರ್ಮದಲ್ಲಿ, ಕೆನ್ನೆ ಮುಂಗೈಗಳಂಥ ಕಡೆ, ಮೆಲ್ಲಗೆ ಸವರುವ ಸ್ಪರ್ಶಕ್ಕೆಂದೇ ಓಗೊಡುವ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರಿನಷ್ಟು ನಿಧಾನವಾಗಿ ಸವರಿದಾಗ ಅವು ಹೆಚ್ಚು ಚುರುಕಾಗುತ್ತವೆ. ತಾಯಿ ಮಗುವಿನ ಬೆನ್ನು ಸವರುವುದು ಸುಮಾರಾಗಿ ಆ ವೇಗದಲ್ಲೇ. ಇದನ್ನು ಅಮ್ಮನಿಗೆ ಹೇಳಲಿಲ್ಲ, ಮನಸ್ಸಿಗೆ ಬಂತು ಅಷ್ಟೇ. ಹೇಳುವ ಅಗತ್ಯವೂ ಕಾಣಲಿಲ್ಲ. ಅವಳ ಅಂಗೈ ಮಡಚಿದ ಬಟ್ಟೆಯ ಮೇಲೆ ಸುಕ್ಕು ತೆಗೆಯುತ್ತಾ ಅದೇ ವೇಗದಲ್ಲಿ ಓಡಾಡುತ್ತಿತ್ತು.

ಅವಳ ಪ್ರಶ್ನೆಗಳು ಒಂದೊಂದಾಗಿ ಬಂದವು. ರಾತ್ರಿ ಭಯವಾಗುತ್ತಾ? ಇಲ್ಲ. ಅದಿಲ್ಲದೆ ನಿದ್ದೆ ಬರಲ್ವಾ? ಬರುತ್ತೆ. ಊರಿಗೆ ಹೋದಾಗ ತಗೊಂಡು ಹೋಗಲ್ಲ, ಅಲ್ಲಿ ನಿದ್ದೆ ಒಂದು ತಾಸು ತಡ ಆಗುತ್ತೆ, ಅಷ್ಟೇ. ಯಾರಿಗಾದ್ರೂ ತೋರಿಸಬೇಕಾ, ಡಾಕ್ಟರ್ ಹತ್ರ? ಈ ಪ್ರಶ್ನೆಗೆ ನಾನು ಮುನಿಯಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಅದಿಲ್ಲದೆ ಮನೆಯಿಂದ ಹೊರಗೆ ಕಾಲಿಡಲು ಆಗದಿದ್ದರೆ, ಮನುಷ್ಯರ ಬದಲು ಅದೊಂದೇ ಸಾಕು ಅನ್ನಿಸತೊಡಗಿದರೆ ಖಂಡಿತ ತೋರಿಸುತ್ತೇನೆ ಅಂದೆ. ಈಗ ಹಾಗಿಲ್ಲ ಅಂದೆ.

“ನಾಳೆ ನಿನ್ನ ಜೊತೆ ಬಾಳೋರು ನೋಡಿದ್ರೆ?”

“ಅವರಿಗೂ ಹೇಳ್ತೀನಿ. ನಿನಗೆ ಹೇಳಿದ ಮೇಲೆ ಅವರಿಗೆ ಹೇಳೋದು ಸುಲಭ.”

ಆಮೇಲೆ ನಾನೇ ಆ ಮೂರು ವಾರದ ಮಾತು ತೆಗೆದೆ. ಈ ಸಲ ಒಂದೇ ಒಂದು ಅಧ್ಯಯನ ಹೇಳಿದೆ, ಕೇಳಬೇಕಾದವಳು ಅವಳೇ ಅನ್ನಿಸಿದ್ದಕ್ಕೆ. 1975ರಲ್ಲಿ ರಿಚರ್ಡ್ ಪಾಸ್ಮನ್ ಮತ್ತು ಪಾಲ್ ವೈಸ್‌ಬರ್ಗ್ ಪ್ರಕಟಿಸಿದ್ದು. ಚಿಕ್ಕ ಮಕ್ಕಳನ್ನು ಹೊಸ ಕೋಣೆಯೊಂದಕ್ಕೆ ಬಿಟ್ಟು ನೋಡಿದರು. ಕೆಲವರ ಜೊತೆ ಅಮ್ಮ ಇದ್ದಳು, ಕೆಲವರ ಹತ್ತಿರ ತಾವು ಹಚ್ಚಿಕೊಂಡ ಹೊದಿಕೆ ಇತ್ತು, ಕೆಲವರ ಕೈಯಲ್ಲಿ ಇಷ್ಟದ ಆಟಿಕೆ, ಕೆಲವರ ಹತ್ತಿರ ಏನೂ ಇಲ್ಲ. ಏನೂ ಇಲ್ಲದವರು ಬೇಗ ಕಂಗಾಲಾದರು, ಆಟಿಕೆಯೂ ಹೆಚ್ಚೇನು ನೆರವಾಗಲಿಲ್ಲ. ಹೊದಿಕೆಯನ್ನು ಹಚ್ಚಿಕೊಂಡಿದ್ದ ಮಕ್ಕಳು ಮಾತ್ರ ಅದು ಜೊತೆಗಿದ್ದರೆ ಅಮ್ಮ ಇದ್ದ ಮಕ್ಕಳಷ್ಟೇ ನಿರಾಳವಾಗಿ ಆಡಿದರು, ಕೋಣೆಯೆಲ್ಲ ಸುತ್ತಿ ನೋಡಿದರು.

“ಅಮ್ಮ ಇದ್ದಷ್ಟೇನಾ?” ಅಂತ ಕೇಳಿದಳು.

“ಹೆಚ್ಚುಕಮ್ಮಿ ಅಷ್ಟೇ.”

ಅವಳು ಕೈಯಲ್ಲಿದ್ದ ಟವೆಲ್ಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಆವತ್ತು ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಅದಕ್ಕೆ ಹೊಲಿಯೋಕೆ ಕೂತೆ. ನಿನಗೆ ಬೇಕಾಗುತ್ತೆ ಅಂತ ಹೊಲಿದಿದ್ದಲ್ಲ, ನನಗೆ ಏನಾದ್ರೂ ಮಾಡ್ತಾ ಇರಬೇಕಿತ್ತು” ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಬ್ಬರೂ ಬಟ್ಟೆ ಮುಗಿಸಿದೆವು.

ಎಲ್ಲವನ್ನೂ ಹೇಳಿದೆ ಅಂತಲ್ಲ. ಏಳುವ ಮುಂಚೆ ಅವಳು, “ಹೆಂಗೆ ಹಿಡ್ಕೋತೀಯಾ, ತೋರಿಸು” ಅಂದಳು. ದನಿ ತುಂಬಾ ಮೃದುವಾಗಿತ್ತು. ಆದರೂ “ಅದು ಬೇಡಮ್ಮ” ಅಂದೆ. ಅಪ್ಪನಿಗೆ ಹೇಳಲಾ ಅಂತ ಕೇಳಿದಳು, ಅವರಾಗಿ ಕೇಳಿದರೆ ನಾನೇ ಹೇಳುತ್ತೇನೆ ಅಂದೆ. ಗುಟ್ಟು ಬೇರೆ, ಸ್ವಂತದ್ದು ಬೇರೆ ಅಂತ ನನಗೆ ಖಚಿತವಾದದ್ದು ಆ ಎರಡು ಉತ್ತರ ಕೊಡುವಾಗ. ಗುಟ್ಟು ಅಂದರೆ ಸಿಕ್ಕಿಬೀಳುವ ಭಯ. ಸ್ವಂತದ್ದಕ್ಕೆ ಆ ಭಯ ಇಲ್ಲ. ಇದೆ ಅಂತ ಎಲ್ಲರಿಗೂ ಗೊತ್ತಿದ್ದರೂ ಅದು ನನ್ನದಾಗಿಯೇ ಇರಬಹುದು. ವಿನಿಕಾಟ್ ಅವರ ಲೇಖನದಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ಈ ವಸ್ತುವನ್ನು ನೀನೇ ಕಲ್ಪಿಸಿಕೊಂಡೆಯಾ, ಇಲ್ಲ ಹೊರಗಿನಿಂದ ನಿನಗೆ ಸಿಕ್ಕಿದ್ದಾ ಅಂತ ಮಗುವನ್ನು ನಾವು ಎಂದೂ ಕೇಳುವುದಿಲ್ಲ, ಅದು ಮಗುವಿಗೂ ನಮಗೂ ನಡುವಿನ ಒಪ್ಪಂದ ಅನ್ನುತ್ತಾರೆ ಅವರು. ಮುಚ್ಚಿದ ಬಾಗಿಲನ್ನು ತಳ್ಳದೆ ಹೊರಗೆ ನಿಲ್ಲುವಂಥ ಮರ್ಯಾದೆ ಅದು. ಕಾಲ ಕಳೆದಂತೆ ಆ ವಸ್ತು ತಾನಾಗಿ ಮೂಲೆಗೆ ಸರಿಯುತ್ತದೆ, ಮಗು ಅದನ್ನು ಮರೆಯುವುದೂ ಇಲ್ಲ, ಅದಕ್ಕಾಗಿ ಅಳುವುದೂ ಇಲ್ಲ ಅಂತಲೂ ಬರೆದಿದ್ದಾರೆ. ನನ್ನದು ಮೂಲೆಗೆ ಸರಿದದ್ದು ನಿಜ, ದಿಂಬಿನ ಮೂಲೆಗೆ. ಅಲ್ಲಿಂದಾಚೆ ಅದು ಹೋಗಲಿಲ್ಲ. ನನಗೆ ಅದನ್ನು ಕಳಿಸಬೇಕು ಅಂತಲೂ ಅನ್ನಿಸಿಲ್ಲ.

ಅದೇ ಲೇಖನದಲ್ಲಿ ಒಗೆಯುವುದರ ಬಗ್ಗೆಯೂ ಇದೆ. ವಸ್ತು ಕೊಳೆಯಾಗಿ ವಾಸನೆ ಬಂದರೂ ತಾಯಿ ಅದನ್ನು ಹಾಗೇ ಇರಲು ಬಿಡುತ್ತಾಳೆ, ಒಗೆದರೆ ಮಗುವಿನ ಅನುಭವದ ಎಳೆ ತುಂಡಾಗುತ್ತದೆ ಅಂತ ಅವಳಿಗೆ ಗೊತ್ತಿರುತ್ತದೆ ಅಂತ. ವಾಸನೆಯ ವಿಷಯದಲ್ಲಿ ನಮ್ಮ ಮಿದುಳಿನ ರಚನೆಯೇ ಹಾಗಿದೆ. ನೋಟ, ಶಬ್ದ, ಸ್ಪರ್ಶಗಳೆಲ್ಲ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ. ವಾಸನೆಗೆ ಆ ಸುತ್ತುದಾರಿಯಿಲ್ಲ, ಭಾವನೆ ಮತ್ತು ನೆನಪಿನ ಜಾಗಗಳಿಗೆ ಅದಕ್ಕೆ ಹತ್ತಿರದ ದಾರಿಯಿದೆ. ಬಿಂಬುವಿನ ವಾಸನೆಯನ್ನು ವರ್ಣಿಸಲು ನನಗೆ ಬರುವುದಿಲ್ಲ. ಹಳೆಯ ಹತ್ತಿ, ನನ್ನದೇ ಕೂದಲು, ಇನ್ನೂ ಏನೋ. ವರ್ಷಕ್ಕೊಮ್ಮೆ ನಾನೇ ಬರೀ ನೀರಿನಲ್ಲಿ ಅದ್ದಿ ಹಿಂಡದೆ ನೆರಳಿಗೆ ಒಣಗಿಸುತ್ತೇನೆ. ಆಮೇಲೆ ವಾರಗಟ್ಟಲೆ ಅದು ಯಾರದೋ ದಿಂಬಿನಂತಿರುತ್ತದೆ. ಈ ಮಾತನ್ನೂ ನಾನು ಅಮ್ಮನಿಗೆ ಹೇಳಿರಲಿಲ್ಲ.

ಹೊಸದು ಹೊಲಿಯುವ ಮಾತು ಅವಳು ಮತ್ತೆ ಎತ್ತಲಿಲ್ಲ. ಬಿಂಬುವಿನ ಹೆಸರನ್ನೂ ಎತ್ತಲಿಲ್ಲ. ನನ್ನ ಹಾಸಿಗೆಯ ಬಟ್ಟೆಗಳನ್ನು ಈಗ ಅವಳೇ ಒಗೆಯಲು ಹಾಕುತ್ತಾಳೆ, ನಾನು ಬೇಡ ಅಂದರೂ ಕೇಳುವುದಿಲ್ಲ. ಆದರೆ ಹಿಂದಿನ ರಾತ್ರಿ, ಎಲ್ಲ ದೀಪ ಆರಿಸುತ್ತಾ ಬರುವಾಗ, ನನ್ನ ಬಾಗಿಲ ಹೊರಗೇ ನಿಂತು ಹೇಳುತ್ತಾಳೆ:

“ನಾಳೆ ದಿಂಬಿನ ಕವರ್ ಒಗೀತೀನಿ ಕಣೋ.”

“ಸರಿ ಅಮ್ಮ” ಅನ್ನುತ್ತೇನೆ. ಬೆಳಗ್ಗೆ ಎದ್ದು ಬಿಂಬುವನ್ನು ತೆಗೆದು ಕಪಾಟಿನಲ್ಲಿ ನನ್ನ ಶರ್ಟುಗಳ ಕೆಳಗೆ ಇಡುತ್ತೇನೆ. ಸಂಜೆ ಒಗೆದ ಕವರು ಹಾಸಿಗೆಯ ಮೇಲೆ ಮಡಚಿಟ್ಟಿರುತ್ತದೆ. ದಿಂಬಿಗೆ ಹಾಕಿರುವುದಿಲ್ಲ.